ಕಾಫಿಯೂ ಭಾವಗೀತೆಯೂ

ಹೋದ ತಿಂಗಳು ಬೆಂಗಳೂರಿನಿಂದ ನಮ್ಮ ಅಕ್ಕನ ಮಗ ಬಂದಿದ್ದನು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಲೋಕಾಭಿರಾಮವಾಗಿ ಮಾತನಾಡುತ್ತಿದ್ದಾಗ, ಆ ನಗರದ ಒಂದು ಹೊಸ ವಿನೋದವನ್ನು ನಮಗೆ ವರ್ಣಿಸಿದನು. ಅಲ್ಲಿಯ ಕೆಲವು ಪಾನಗೃಹಗಳಲ್ಲಿ ಬೀರನ್ನು ದೊಡ್ಡ ಕಾರ್ಖಾನೆಗಳಿಂದ ತರಿಸದೆ ತಮ್ಮಲ್ಲಿಯೇ ಹುದುಗಿಸಿ ಕೊಡುತ್ತಾರಂತೆ. ಇವನೂ ಇವನ ಸ್ನೇಹಿತರೂ ತಿಂಗಳಿಗೊಮ್ಮೆ ಸೇರಿ, ಹಳೆಯ ಕಾಲದ ಪ್ರಸಿದ್ಧವಾದ ಒಂದು ಹಾಡಿನ ತಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತ, ಅದಕ್ಕೆ ಒಪ್ಪತಕ್ಕ ಬೀರು ಯಾವುದೆಂದು ಗೊತ್ತುಮಾಡುತ್ತಾರಂತೆ. ಬೀಟಲ್ಸ್ ಎಂಬ ಆಂಗ್ಲ ಗಾಯಕರ 1969ರ ‘ಆಬಿ ರೋಡ್’ ತಟ್ಟೆಗೆ ಹುರಿದ ಬಾರ್ಲಿಯ ಕಪ್ಪು ಬೀರೇ ಸರಿಯೆಂದು ಒಂದು ಪಕ್ಷ, ಗೋಧಿಯ ತಿಳಿಬೀರೇ ಸರಿಯೆಂದು ಇನ್ನೊಂದು ಪಕ್ಷ. ರಾತ್ರಿ ಹನ್ನೊಂದಾದರೂ ವ್ಯಾಜ್ಯ ತೀರಲಿಲ್ಲವಂತೆ.

ಬೀರಿನ ವಿಷಯದಲ್ಲಿ ನಮಗೆ ಅನುಭವವಿಲ್ಲ. ಆದಕಾರಣ ಅಭಿಪ್ರಾಯ ಕೊಡುವ ಅಧಿಕಾರವೂ ಇಲ್ಲ. ಆದರೂ ಹಿರಿಯರೆಂಬ ಸಲುಗೆಯಿಂದ “ಇದೆಂಥ ಹುಚ್ಚಯ್ಯ ನಿಮ್ಮದು? ಹಾಡಿಗೂ ಕುಡಿಯುವುದಕ್ಕೂ ಎಲ್ಲಿಯ ಸಂಬಂಧ?” ಎಂದುಬಿಟ್ಟೆವು. ಒಳಗಿನ ಹಜಾರದಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮ ತಾಯಿಯವರು, ತಲೆಯನ್ನೂ ಎತ್ತದೆ, “ಅವರ ತಾತ ಮಾಡುತ್ತಿದ್ದುದೂ ಅದನ್ನೇ ಅಲ್ಲವೇನೋ? ಅವರು ಕಾಫಿಯಲ್ಲಿ ಮಾಡಿದರು, ಇವನು ಬೀರಿನಲ್ಲಿ ಮಾಡುತ್ತಾನೆ” ಎಂದರು. ನಾವು ಬಾಯಿ ಮುಚ್ಚಿಕೊಂಡೆವು.

ಸಂಗತಿ ಏನೆಂಬುದನ್ನು ವಾಚಕರಿಗೆ ಹೇಳಬೇಕಾದರೆ ಮೊದಲು ಊರುಗಳನ್ನು ಹೇಳಬೇಕು. ನಮ್ಮ ಮನೆ ಅಜ್ಜಂಪುರದಲ್ಲಿದೆ. ತಂದೆಯವರು ರೈಲ್ವೆ ಇಲಾಖೆಯಲ್ಲಿ ಗುಮಾಸ್ತೆಯಾಗಿದ್ದರು. ನಮ್ಮ ಸೋದರತ್ತೆಯನ್ನು ಕೊಟ್ಟದ್ದು ಕಡೂರಿಗೆ, ಅಕ್ಕನನ್ನು ಕೊಟ್ಟದ್ದು ತರೀಕೆರೆಗೆ. ಮೂರೂ ಊರುಗಳ ನಡುವೆ ಬೀರೂರು ಜಂಕ್ಷನ್ನು ಇದೆ. ಬೆಂಗಳೂರಿನ ಕಡೆಯ ಹಾದಿಯಲ್ಲಿ ಕಡೂರು, ಚಿಕ್ಕಜಾಜೂರಿನ ಕಡೆಯ ಹಾದಿಯಲ್ಲಿ ಅಜ್ಜಂಪುರ, ಶಿವಮೊಗ್ಗೆಯ ಕಡೆಯ ಹಾದಿಯಲ್ಲಿ ತರೀಕೆರೆ. ಆದ್ದರಿಂದ ಮದುವೆಯ ಕರೆಯೋಲೆಯಾಗಲಿ ಹಪ್ಪಳದ ಡಬ್ಬವಾಗಲಿ ನಮ್ಮ ಬಂಧುವರ್ಗದ ಸುಖದುಃಖಗಳೆಲ್ಲವೂ ಬೀರೂರಿನಲ್ಲಿ ಗಾಡಿ ಬದಲಾಯಿಸಿಯೇ ಮುಂದಕ್ಕೆ ಹೋಗುತ್ತಿದ್ದವು.

ಕಾಫಿಯ ಬೀಜವೂ ಹಾಗೆಯೇ ಬರುತ್ತಿತ್ತು. ಈ ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿದ್ದಿತು. ಆದರೆ ಕಾಫಿಗೆ ಹೆಸರಾದ ಆ ಜಿಲ್ಲೆಯ ಹೆಸರನ್ನು ಹೊತ್ತಿದ್ದ ಕಡೂರು ಪಟ್ಟಣದ ಸುತ್ತ ಇರುವುದು ತೆಂಗು ಮತ್ತು ರಾಗಿಯ ಹೊಲ. ಪಶ್ಚಿಮದಲ್ಲಿ ಚಂದ್ರದ್ರೋಣ ಪರ್ವತ ಅಡ್ಡ ನಿಂತು ಮುಂಗಾರಿನ ಮೋಡಗಳನ್ನು ತನ್ನ ಮೈಮೇಲೆಯೇ ಇಳಿಸಿಕೊಂಡುಬಿಡುತ್ತದೆ. ಆಚೆಯವರಿಗೆ ಮಳೆ, ಈಚೆಯವರಿಗೆ ಗಾಳಿ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮನ್ ದೇಶದ ಮೋಖಾ ಬಂದರಿನಿಂದ ಏಳು ಬೀಜಗಳನ್ನು ತಂದು ನೆಟ್ಟರೆಂಬ ಐತಿಹ್ಯವಿರುವುದು ಆ ಬೆಟ್ಟದಲ್ಲಿಯೇ. ಅತ್ತೆಯವರು ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೋಗಿ ಹಸಿಯ ಬೀಜವನ್ನು ಕೊಂಡು ಕಡೂರಿಗೆ ತರುವರು. ಅಲ್ಲಿಂದ ಅದು ರೈಲನ್ನೇರಿ ನಮ್ಮ ಮನೆಗೆ ಬರುವುದು. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಆ ವೇಳೆಗೆ ಅತ್ತೆಯವರೂ ಇರಲಿಲ್ಲ, ತಂದೆಯವರೂ ಇರಲಿಲ್ಲ.

ಬೀಜವನ್ನು ಮನೆಯಲ್ಲಿಯೇ ಹುರಿಯುವುದು. ಇದ್ದಲಿನ ಒಲೆಯ ಮೇಲೆ ಹಿಡಿಕೆ ತಿರುಗಿಸಿ ಹುರಿಯುವ ತಗಡಿನ ಉರುಳೆಯೊಂದಿತ್ತು. ಬೀಜ ಮೊದಲು ಹುಲ್ಲಿನ ವಾಸನೆ ಬೀರಿ, ಆಮೇಲೆ ಸುಟ್ಟ ರೊಟ್ಟಿಯ ವಾಸನೆಗೆ ತಿರುಗಿ, ಕೊನೆಗೆ ಚಟಚಟ ಸಿಡಿಯಲಾರಂಭಿಸಿದಾಗ ಅದನ್ನು ಮೊರಕ್ಕೆ ಸುರಿದು ಬೀಸಬೇಕು. ಅರೆಕ್ಷಣ ತಡವಾದರೂ ಕರಕು. ಹಿಡಿಕೆಯನ್ನು ತಿರುಗಿಸುತ್ತಿದ್ದವರು ತಾಯಿ; ಹದವನ್ನು ಹೇಳುತ್ತಿದ್ದವರು ತಂದೆ.

ಇನ್ನು ಹಾಲು. ಅಜ್ಜಂಪುರವೆಂದರೆ ಅಮೃತಮಹಲ್ ದನಗಳ ಊರು. ಆ ತಳಿಯ ಸಂವರ್ಧನ ಕೇಂದ್ರ ಇಲ್ಲಿಯೇ ಇದೆ. ಮೈಸೂರಿನ ದೊರೆಗಳ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನ್ನಿಸಿಕೊಂಡಿದ್ದ ಇಲಾಖೆಗೆ ಟಿಪ್ಪುಸುಲ್ತಾನನು ಅಮೃತಮಹಲ್ ಎಂಬ ಹೆಸರಿಟ್ಟನು. ಹೆಸರಿನಲ್ಲಿ ಅಷ್ಟೊಂದು ಅಮೃತವಿದ್ದರೂ ಆ ಹಸುಗಳು ಹಾಲು ಕೊಡುವುದು ಬಹಳ ಕಡಿಮೆ. ತೋಪುಗಾಡಿಯನ್ನೆಳೆಯುವ ಎತ್ತುಗಳನ್ನು ಹೆರುವುದೇ ಅವುಗಳ ಕೀರ್ತಿ. ಬೇರೆ ಊರಿನ ನೆಂಟರು “ನಿಮಗೇನು, ಅಮೃತಮಹಲಿನ ಹಾಲು” ಎಂದು ಅಸೂಯೆಪಟ್ಟಾಗಲೆಲ್ಲ ನಾವು ಎಮ್ಮೆಯ ಹಾಲಿನ ಕಾಫಿಯನ್ನು ಕೊಟ್ಟು ಸುಮ್ಮನಿರುತ್ತಿದ್ದೆವು.

ಈಗ ಹಾಡಿಗೆ ಬರೋಣ. ಮನೆಯಲ್ಲಿ ಮೊದಲು ಇದ್ದುದು ರೇಡಿಯೋ ಒಂದೇ. ಆಕಾಶವಾಣಿಯ ಭದ್ರಾವತಿ ನಿಲಯ 1965ರಲ್ಲಿ ಆರಂಭವಾದ ಮೇಲೆ ಭಾವಗೀತೆಗಳು ಮನೆಯೊಳಕ್ಕೆ ಬಂದವು. ಆದರೆ ರೇಡಿಯೋದ ಹಾಡು ಬಂದಾಗ ಕೇಳಬೇಕೇ ಹೊರತು ಬೇಕಾದಾಗ ಬಾರದು. ಗ್ರಾಮಫೋನು ಇದ್ದ ಮನೆಗಳಲ್ಲಿಯೂ ಹಳೆಯ ತಟ್ಟೆಗಳು ಮೂರು ಮೂರೂವರೆ ನಿಮಿಷಕ್ಕೆ ಮುಗಿದುಹೋಗುತ್ತಿದ್ದವು. ಲೋಟ ತುಟಿಗೆ ತಾಗುವಷ್ಟರಲ್ಲಿ ಎದ್ದು ಮುಳ್ಳನ್ನು ಎತ್ತಬೇಕು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಎಂಬ ಧ್ವನಿಸುರುಳಿ ಹೊರಬಂದಿತು. ಕನ್ನಡದ ಭಾವಗೀತೆಗಳ ಧ್ವನಿಸುರುಳಿಗಳಲ್ಲಿ ಅದೇ ಮೊದಲನೆಯದೆಂದು ಪ್ರಸಿದ್ಧಿ. ಒಂದೆರಡು ವರ್ಷ ಕಳೆದು ನಮ್ಮ ತಂದೆಯವರು ಹಬ್ಬದ ಮುಂಗಡದ ಹಣದಲ್ಲಿ ಒಂದು ಟೇಪ್ ರೆಕಾರ್ಡರನ್ನು ಕೊಂಡಾಗ, ಅದರ ಜೊತೆಗೆ ಬಂದ ಸುರುಳಿ ಅದೊಂದೇ. ಕವಿಗಳು ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನದ ಅಧ್ಯಾಪಕರಾಗಿದ್ದವರು; ಬೆಂಗಳೂರಿನಿಂದ ಶಿವಮೊಗ್ಗೆಗೆ ರೈಲಿನಲ್ಲಿ ಹೋಗುವವರು ಬೀರೂರನ್ನು ತಪ್ಪಿಸಿಕೊಳ್ಳಲಾರರು; ಆದಕಾರಣ ಈ ಹಾಡುಗಳು ನಮ್ಮವೇ ಎಂಬುದು ತಂದೆಯವರ ವಾದವಾಗಿದ್ದಿತು. ಇದಕ್ಕೆ ಪ್ರತಿವಾದ ಹೂಡಿದವರನ್ನು ನಾವು ಕಾಣೆವು.

ಅಂಥ ಸುರುಳಿಗಳಲ್ಲಿ ಒಂದು ಮಗ್ಗುಲು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ ಗುಂಡಿ ‘ಟಕ್’ ಎಂದು ತಾನೇ ಮೇಲಕ್ಕೆ ಹಾರುತ್ತದೆ; ಸುರುಳಿಯನ್ನು ತೆಗೆದು ಮಗುಚಿ ಹಾಕಬೇಕು. ರೈಲ್ವೆಯವರಾದ್ದರಿಂದ ಯಾವುದು ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ಸೇರುತ್ತದೆಂಬ ಚಿಂತೆ ತಂದೆಯವರಿಗೆ ಹುಟ್ಟುಗುಣದಂತಾಗಿತ್ತು. ನಮ್ಮ ಹಿತ್ತಾಳೆಯ ಫಿಲ್ಟರಿನಲ್ಲಿ ಮೇಲಿನ ಪಾತ್ರೆಗೆ ಪುಡಿ ಹಾಕಿ, ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಕುದಿನೀರು ಸುರಿದರೆ ಡಿಕಾಕ್ಷನ್ನು ಕೆಳಗಿಳಿಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆಂಬುದನ್ನು ಅವರು ಒಂದು ಭಾನುವಾರ ಕಂಡುಹಿಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಶಾಸ್ತ್ರವೇ ಏರ್ಪಟ್ಟಿತು. ಸಾಯಂಕಾಲ ಐದು ಗಂಟೆಗೆ ತಂದೆಯವರು ಹಜಾರದಲ್ಲಿ ಗುಂಡಿ ಒತ್ತುವರು. ಅದೇ ಕ್ಷಣಕ್ಕೆ ಅಡಿಗೆಮನೆಯಲ್ಲಿ ನೀರು ಫಿಲ್ಟರಿಗೆ ಬೀಳಬೇಕು. ಮೊದಲನೆಯ ಮಗ್ಗುಲು ಡಿಕಾಕ್ಷನ್ನು ಇಳಿಯುವುದಕ್ಕೆ; ಎರಡನೆಯ ಮಗ್ಗುಲು ಕಾಫಿ ಕುಡಿಯುವುದಕ್ಕೆ.

ಪುಡಿ ತರಿತರಿಯಾಗಿದ್ದರೆ ಮೂರು ಹಾಡು ಮುಗಿಯುವಷ್ಟರಲ್ಲಿ ನೀರೆಲ್ಲ ಇಳಿದು ಡಿಕಾಕ್ಷನ್ನು ತೆಳ್ಳಗಾಗುವುದು. ತೀರ ನುಣ್ಣಗಿದ್ದರೆ ರಂಧ್ರಗಳು ಕಟ್ಟಿಕೊಂಡು ಎರಡನೆಯ ಮಗ್ಗುಲು ಮುಗಿದರೂ ಕೆಳಗಿನ ಪಾತ್ರೆ ಬರಿದು. ಚಿಕೋರಿ ಬೆರೆಸಿದರೆ ನೀರು ತಡೆದು ನಿಧಾನವಾಗಿ ಇಳಿಯುತ್ತದೆ, ಬಣ್ಣವೂ ಮಂದವೂ ಬರುತ್ತದೆ. ಆದರೆ ಅದು ಕಾಫಿಯಲ್ಲ, ಬೇರೊಂದು ಗಿಡದ ಬೇರನ್ನು ಹುರಿದು ಪುಡಿ ಮಾಡಿದ್ದು. ಅನಂತಸ್ವಾಮಿಯವರ ರಾಗಗಳಿಗೆ ಚಿಕೋರಿ ಕೂಡದೆಂದು ತಂದೆಯವರ ಕಟ್ಟಪ್ಪಣೆ. ಆ ಹಾಡುಗಳಲ್ಲಿ ಮಾತು ಮಾತೂ ಬಿಡಿಯಾಗಿ ತಿಳಿಯಾಗಿ ಕೇಳಿಸುತ್ತದೆ, ವಾದ್ಯ ಮಾತಿನ ಮೇಲೆ ಏರಿ ಕೂರುವುದಿಲ್ಲ. ಅದಕ್ಕೆ ಬೆಟ್ಟದ ಅರಾಬಿಕಾ ಬೀಜವನ್ನು ಎಳೆಯದಾಗಿ ಹುರಿದ, ಸ್ವಲ್ಪ ಹುಳಿಯ ಎಳೆಯುಳ್ಳ ಕಾಫಿಯೇ ತಕ್ಕದ್ದು ಎನ್ನುತ್ತಿದ್ದರು. ಕೆ.ಎಸ್. ನರಸಿಂಹಸ್ವಾಮಿಗಳ ಮೈಸೂರು ಮಲ್ಲಿಗೆಯ ಹಾಡುಗಳಿಗೆ ಪೀಬರಿ. ಕಾಫಿಯ ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜಗಳು ಒಂದಕ್ಕೊಂದು ಮುಖ ಮಾಡಿ ಕುಳಿತಿರುತ್ತವೆ. ಅಪರೂಪಕ್ಕೆ ಒಂದೇ ಬೀಜ ಗುಂಡಗೆ ಬೆಳೆದರೆ ಅದು ಪೀಬರಿ. ದಾಂಪತ್ಯದ ಹಾಡಿಗೆ ಒಂಟಿ ಬೀಜವೇಕೆಂದು ನಾವು ಕೇಳಿದ್ದುಂಟು. “ಎರಡೂ ಸೇರಿ ಒಂದಾದದ್ದು ಅದು” ಎಂದುಬಿಟ್ಟರು. ಸಸ್ಯಶಾಸ್ತ್ರಜ್ಞರು ಒಪ್ಪಲಾರರು, ಏಕೆಂದರೆ ಅಲ್ಲಿ ಒಂದು ಬೆಳೆಯದೆ ಹೋದದ್ದರಿಂದ ಇನ್ನೊಂದು ಗುಂಡಗಾಗಿರುತ್ತದೆ. ಆಗ ನಮಗೆ ಅದು ತಿಳಿದಿರಲಿಲ್ಲ.

ತರೀಕೆರೆಯ ಭಾವನವರದು ಬೇರೆಯೇ ಸಂಪ್ರದಾಯ. ತರೀಕೆರೆಯೆಂದರೆ ಕನ್ನಡದ ಮಕ್ಕಳಿಗೆಲ್ಲ ನೆನಪಾಗುವುದು ಅಲ್ಲಿಯ ಕೆರೆಯ ಏರಿಯ ಮೇಲೆ ಮೇಯುವ ಕರಿಯ ಕುರಿಮರಿಗಳು. ನಾಲಗೆ ತೊಡರದಂತೆ ಅದನ್ನು ಹತ್ತು ಸಲ ಹೇಳಬಲ್ಲವರು ನಮ್ಮ ಬಳಗದಲ್ಲಿ ಭಾವನವರೊಬ್ಬರೇ. ಅಡಕೆಯ ತೋಟದವರಾದ ಅವರ ಮನೆಯಲ್ಲಿ ಬೆಲ್ಲದ ಕಾಫಿ; ಶಿಶುನಾಳ ಷರೀಫರ ತತ್ತ್ವಪದಗಳು. ಸಿ. ಅಶ್ವಥ್ ರಾಗ ಹಾಕಿ ಶಿವಮೊಗ್ಗ ಸುಬ್ಬಣ್ಣನವರು ಎತ್ತಿದ ಕಂಠದಲ್ಲಿ ಹಾಡಿದ ಆ ಪದಗಳಿಗೆ ನಿಮ್ಮ ಎಳೆಯ ಕಾಫಿ ಎಲ್ಲಿ ನಿಂತೀತು, ರೊಬಸ್ಟಾ ಬೀಜವನ್ನು ಕಪ್ಪಗೆ ಹುರಿದು ಬೆಲ್ಲ ಹಾಕಿ ಕುದಿಸಿದ ಕಾಫಿಯೇ ಬೇಕು ಎಂದು ಅವರು. ಮಾವ ಅಳಿಯಂದಿರ ಈ ವಾದ ಹದಿನೈದು ವರ್ಷ ನಡೆಯಿತು. ಕಡೂರಿನ ಅತ್ತೆಯವರು ಮಧ್ಯಸ್ಥಿಕೆ ವಹಿಸಿ, ಕಾಫಿಗೆ ಕಾಲಿಂಗರಾಯರ ಹಾಡನ್ನು ಬಿಟ್ಟರೆ ಬೇರೆ ಯಾವುದೂ ಒಪ್ಪುವುದಿಲ್ಲವೆಂದು ತೀರ್ಪು ಕೊಟ್ಟು ಎರಡು ಪಕ್ಷದವರನ್ನೂ ಕೆರಳಿಸುತ್ತಿದ್ದರು.

ಬೇಸಗೆಯಲ್ಲಿ ಸುರುಳಿ ಯಂತ್ರದೊಳಗೆ ಸಿಕ್ಕಿಕೊಂಡು ಕರುಳಿನಂತೆ ಹೊರಬಂದದ್ದು, ಪೆನ್ಸಿಲನ್ನು ಅದರ ಕಣ್ಣಿಗೆ ತೂರಿಸಿ ನಾವು ಗಂಟೆಗಟ್ಟಲೆ ಸುತ್ತಿದ್ದು, ಒಂದು ಹಾಡಿನ ನಡುವೆ ಅಂಟುಪಟ್ಟಿಯ ತೇಪೆ ಬಿದ್ದು ಅರ್ಧ ಚರಣವೇ ಮಾಯವಾದದ್ದು, ಇವನ್ನೆಲ್ಲ ಆ ಕಾಲವನ್ನು ಕಂಡವರಿಗೆ ವಿವರಿಸಬೇಕಾದುದಿಲ್ಲ.

ತಂದೆಯವರು 2003ರಲ್ಲಿ ತೀರಿಕೊಂಡರು. ಯಂತ್ರ ಅಟ್ಟವನ್ನು ಸೇರಿತು. ನಾವು ಉದ್ಯೋಗನಿಮಿತ್ತ ತರೀಕೆರೆಯಲ್ಲಿದ್ದೆವು. ತಾಯಿಯವರು ಊರನ್ನು ಬಿಟ್ಟು ಬರಲೊಪ್ಪಲಿಲ್ಲ. 2020ರ ಮಾರ್ಚಿಯಲ್ಲಿ ಅವರನ್ನು ನೋಡಿಬರಲೆಂದು ಅಜ್ಜಂಪುರಕ್ಕೆ ಹೋದವರು, ದೇಶವೆಲ್ಲ ಬಾಗಿಲು ಹಾಕಿದ್ದರಿಂದ ಅಲ್ಲಿಯೇ ಉಳಿದೆವು. ಮೇ 3ರಂದು ನಿಸಾರ್ ಅಹಮದರು ಕಾಲವಾದರೆಂಬ ಸುದ್ದಿ ಬಂದಿತು. ಆ ಸಾಯಂಕಾಲ ಮನಸ್ಸು ತಡೆಯದೆ ಯಂತ್ರವನ್ನು ಅಟ್ಟದಿಂದಿಳಿಸಿ, ಧೂಳೊರಸಿ, ಸುರುಳಿಯನ್ನು ಹಾಕಿದೆವು. ನಡೆಯುವುದೆಂಬ ಭರವಸೆ ನಮಗಿರಲಿಲ್ಲ. ಸ್ವಲ್ಪ ತೊದಲಿ, ಆಮೇಲೆ ನಡೆಯಿತು.

ತಾಯಿಯವರು ಅಡಿಗೆಮನೆಯಲ್ಲಿದ್ದರು. ಮೊದಲನೆಯ ಹಾಡು ಹೊರಟೊಡನೆ ಅಲ್ಲಿಂದ ಸಣ್ಣ ದನಿಯಲ್ಲಿ ಇನ್ನೊಂದು ಹಾಡು ಕೇಳಿಸಿತು. ಬಾಗಿಲ ಬಳಿ ಹೋಗಿ ನೋಡಿದರೆ, ಅವರು ಕಟ್ಟೆಯ ಮುಂದೆ ನಿಂತು ಹಾಡಿನ ಜೊತೆಯಲ್ಲಿಯೇ ಹಾಡುತ್ತಿದ್ದರು. ಒಂದು ಮಾತು ತಪ್ಪಿಲ್ಲ. ಎರಡನೆಯದು, ಮೂರನೆಯದು ಎಲ್ಲವೂ ಕಂಠಪಾಠ. ಅಂಟುಪಟ್ಟಿಯ ತೇಪೆಯಿದ್ದ ಕಡೆ ಹಾಡು ಹಾರಿದಂತೆಯೇ ಅವರೂ ಹಾರಿದರು. ಅವರು ಹಾಡಬಲ್ಲರೆಂಬುದೇ ನಮಗೆ ಅಂದಿನವರೆಗೆ ತಿಳಿಯದು.

ಮಗ್ಗುಲು ಮುಗಿದು ಗುಂಡಿ ‘ಟಕ್’ ಎಂದಿತು. ಆ ಸದ್ದಿಗೆ ತಾಯಿಯವರ ಕೈ ತಾನೇ ತಾನಾಗಿ ಹಾಲಿನ ಪಾತ್ರೆಗೆ ಹೋಯಿತು. ನಾವು ಸುರುಳಿಯನ್ನು ಮಗುಚಿ ಹಾಕಿ, “ಬಾಮ್ಮ, ಹಜಾರದಲ್ಲಿ ಕೂತು ಕೇಳು” ಎಂದು ಕರೆತಂದು ಕುಳ್ಳಿರಿಸಿದೆವು. ಅವರು ಅಪರಿಚಿತರ ಮನೆಯಲ್ಲಿ ಕುಳಿತವರಂತೆ ಕುರ್ಚಿಯ ಅಂಚಿನಲ್ಲಿ ಕುಳಿತರು. ಹಾಡು ನಡೆಯಿತು. ಅವರ ತುಟಿ ಅಲುಗಲಿಲ್ಲ. ಮುಗಿದ ಮೇಲೆ ನಮ್ಮ ಕಡೆ ತಿರುಗಿ ಕೇಳಿದರು:

“ಇದೂ ಅದರಲ್ಲೇ ಇತ್ತೇನೋ?”

ಮೊದಲು ನಮಗೆ ಅರ್ಥವಾಗಲಿಲ್ಲ. ಆಮೇಲೆ ಲೆಕ್ಕ ಹಾಕಿದೆವು. ಡಿಕಾಕ್ಷನ್ನು ಇಳಿಯುವ ಅರ್ಧ ಗಂಟೆ ಅವರು ಫಿಲ್ಟರಿನ ಬಳಿಯಲ್ಲಿ ತರಕಾರಿ ಹೆಚ್ಚುತ್ತ ಗೋಡೆಯ ಈಚೆಯಿಂದ ಹಾಡನ್ನು ಕೇಳುತ್ತಿದ್ದರು. ಗುಂಡಿ ಹಾರಿದೊಡನೆ ಹಾಲು ಕಾಯಿಸುವುದು, ಬೆರೆಸಿ ಎತ್ತಿ ನೊರೆ ಬರಿಸುವುದು, ತಂದೆಯವರಿಗೆ, ಬಂದವರಿಗೆ, ನಮಗೆ ತಂದುಕೊಡುವುದು; ಅನಂತರ ಹಿತ್ತಲಿಗೆ ಹೋಗಿ ಪಾತ್ರೆ ತೊಳೆಯುವುದು, ಎಮ್ಮೆ ಕಟ್ಟುವುದು, ತುಳಸಿಗೆ ದೀಪ ಹಚ್ಚುವುದು. ಎರಡನೆಯ ಮಗ್ಗುಲು ಮುಗಿಯುವ ಹೊತ್ತಿಗೆ ಒಳಕ್ಕೆ ಬಂದು, ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ ಎರಡನೆಯ ಡಿಕಾಕ್ಷನ್ನಿನಲ್ಲಿ ತಮ್ಮ ಕಾಫಿಯನ್ನು ಬೆರೆಸಿಕೊಂಡು ನಿಂತುಕೊಂಡೇ ಕುಡಿಯುತ್ತಿದ್ದರು. ರೇಡಿಯೋದಲ್ಲಿ ಬಂದ ಒಂದೆರಡು ಹಾಡುಗಳನ್ನು ಬಿಟ್ಟರೆ ಎರಡನೆಯ ಮಗ್ಗುಲನ್ನು ಅವರು ಕೇಳಿಯೇ ಇರಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕು ಹಾಡಿಗೊಪ್ಪುವ ಕಾಫಿ ಯಾವುದೆಂದು ಚರ್ಚೆ ಮಾಡಿದ ಮನೆಯಲ್ಲಿ, ಆ ಕಾಫಿ ಮಾಡಿದವರ ಲೋಟದಲ್ಲಿ ಏನಿದೆಯೆಂದು ಯಾರೂ ನೋಡಿರಲಿಲ್ಲ. ತಂದೆಯವರು ನಿರ್ದಯರಾಗಿರಲಿಲ್ಲ, ತಾಯಿಗೆ ಜ್ವರ ಬಂದರೆ ಊಟ ಬಿಡುವವರು. ನೋಡಲಿಲ್ಲ, ಅಷ್ಟೆ. ನಾವೂ ನೋಡಲಿಲ್ಲ, ಮತ್ತು ನಮಗೆ ಆಗ ಇಪ್ಪತ್ತು ದಾಟಿತ್ತು.

ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಬಾಖ್ ಎಂಬ ಮಹಾಸಂಗೀತಗಾರನು 1734ರ ಸುಮಾರಿನಲ್ಲಿ ಕಾಫಿಯನ್ನು ಕುರಿತೇ ಒಂದು ಗೀತಪ್ರಬಂಧವನ್ನು ರಚಿಸಿದನು. ಮಗಳು ಕಾಫಿಯನ್ನು ಬಿಡೆನೆನ್ನುತ್ತಾಳೆ. ತಂದೆ ಬಿಡಿಸಲು ಹೆದರಿಕೆ ಹಾಕುತ್ತಾನೆ. ಮದುವೆ ಮಾಡುವುದಿಲ್ಲವೆಂದಾಗ ಒಪ್ಪಿದಂತೆ ನಟಿಸಿ, ಕಾಫಿ ಕುಡಿಯಲು ಬಿಡುವ ಗಂಡನೇ ಆಗಬೇಕೆಂದು ಒಳಗಿಂದೊಳಗೆ ಷರತ್ತು ಹಾಕುತ್ತಾಳೆ. ಈ ಕಥೆಯನ್ನು ನಾವು ತಾಯಿಯವರಿಗೆ ಹೇಳಿದಾಗ ಅವರು ಬಹಳ ನಕ್ಕರು. “ಅವಳು ಕೇಳಿದಳು ನೋಡು” ಎಂದರು.

ಮಾರನೆಯ ದಿನದಿಂದ ಕಾಫಿ ಮಾಡುವ ಕೆಲಸ ನಮ್ಮದಾಯಿತು. ಮೊದಲನೆಯ ವಾರ ಅದು ಕುಡಿಯುವಂತಿರಲಿಲ್ಲ. ಪುಡಿಯನ್ನು ಎಷ್ಟು ಒತ್ತಬೇಕೆಂಬುದು ಅರವತ್ತರ ಹತ್ತಿರ ಬಂದವರಿಗೆ ಕೈಗೆ ಹತ್ತುವುದು ಕಷ್ಟ. ಒತ್ತಿದರೆ ಇಳಿಯದು, ಬಿಟ್ಟರೆ ನಿಲ್ಲದು. ತಾಯಿಯವರು ಮುಖ ಕಿವುಚದೆ ಕುಡಿದರು, ಏಕೆಂದರೆ ಅದು ಮೊದಲನೆಯ ಡಿಕಾಕ್ಷನ್ನು.

ಅಕ್ಕನ ಮಗನಿಗೆ ಇದೆಲ್ಲವನ್ನೂ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ಆ ಕ್ಯಾಸೆಟ್ಟು ಇನ್ನೂ ಇದೆಯೇ?” ಎಂದನು. ಸಾಯಂಕಾಲ ಐದಕ್ಕೆ ಗುಂಡಿಯನ್ನು ಅವನೇ ಒತ್ತಿದನು. ನಾವು ಅಡಿಗೆಮನೆಯಲ್ಲಿ ನೀರು ಸುರಿದೆವು. ಮೊದಲನೆಯ ಮಗ್ಗುಲಿಗೆ ತಾಯಿಯವರು ಬೆತ್ತದ ಕುರ್ಚಿಯಲ್ಲಿ ಕುಳಿತು ದನಿಗೂಡಿಸಿದರು. ಗುಂಡಿ ಹಾರಿದಾಗ ಇಂದಿಗೂ ಎದ್ದುಬಿಡುತ್ತಾರೆ. “ಕೂತುಕೋ ಅಜ್ಜಿ” ಎಂದು ಅವನು ಭುಜ ಹಿಡಿದನು. ಲೋಟ ತಂದುಕೊಟ್ಟೆವು. ಎರಡನೆಯ ಮಗ್ಗುಲಿನ ಮೂರನೆಯ ಹಾಡಿಗೆ ಅವರ ಬೆರಳು ಕುರ್ಚಿಯ ಕೈಯ ಮೇಲೆ ತಾಳ ಹಾಕುತ್ತಿತ್ತು.

“ಹೇಗಿದೆ ಅಜ್ಜಿ?” ಎಂದು ಅವನು ಕೇಳಿದನು.

“ಹಾಡು ಚೆನ್ನಾಗಿದೆ ಕಣೋ. ನಿಮ್ಮ ಮಾವ ಯಾವ ಅಂಗಡಿಯ ಪುಡಿ ತಂದನೋ, ಚಿಕೋರಿ ಹೆಚ್ಚಾಯಿತು. ನಿಮ್ಮ ತಾತ ಇದ್ದಿದ್ದರೆ ಕ್ಯಾಸೆಟ್ಟನ್ನೇ ನಿಲ್ಲಿಸಿಬಿಡುತ್ತಿದ್ದರು. ನಾಳೆ ಬೀಜ ತರಲಿ, ಹದ ನಾನು ಹೇಳುತ್ತೇನೆ. ಹಿಡಿಕೆ ಅವನು ತಿರುಗಿಸಲಿ.”